ಎಂಟರ್ ಒತ್ತುವ ಮೊದಲು

ಎಂಟರ್ ಒತ್ತುವ ಮೊದಲು ಅವರು ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪರದೆಯ ಮೇಲಿನ ಆದೇಶವನ್ನು ಗಟ್ಟಿಯಾಗಿ, ಪದಪದಕ್ಕೂ ನಿಲ್ಲಿಸಿ ಓದುತ್ತಿದ್ದರು. "ಸುಡೋ. ಸ್ಪೇಸ್. ಆಪ್ಟ್. ಸ್ಪೇಸ್. ರಿಮೂವ್..." ಓದಿ ಮುಗಿಸಿ, ನನ್ನ ಕಡೆ ತಿರುಗದೆಯೇ ಗದ್ದವನ್ನು ಸ್ವಲ್ಪ ಎತ್ತುತ್ತಿದ್ದರು. ಅಂದರೆ ಈಗ ನಾನು ಓದಬೇಕು. ಅವರು ಓದಿದ್ದಕ್ಕೂ ನಾನು ಓದಿದ್ದಕ್ಕೂ ತಾಳೆಯಾದರೆ "ಅದೇ" ಎನ್ನುತ್ತಿದ್ದರು. ಆಮೇಲೆಯೇ ಅವರ ಬೆರಳು ಎಂಟರ್ ಮೇಲೆ ಬೀಳುತ್ತಿದ್ದುದು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಹತ್ತು ಸಾಲು ಬರೆದುಕೊಡಿ, ನೀವೇ ಅಲ್ವಾ ಅವರ ಜೊತೆ ಇದ್ದಿದ್ದು, ಎಂದು ಸಂಚಿಕೆಯ ಸಂಪಾದಕರು ಕೇಳಿದರು. ಬರೆದುಕೊಟ್ಟೆ. ಶಿಸ್ತು, ಸಮಯಪಾಲನೆ, ಕರ್ತವ್ಯನಿಷ್ಠೆ. ಅವು ಸುಳ್ಳಲ್ಲ, ಆದರೆ ಗೋಡೆ ಗಡಿಯಾರದ ಬಗ್ಗೆಯೂ ಬರೆಯಬಹುದಾದ ಮಾತುಗಳು. ನನ್ನನ್ನು ಕಾಡುತ್ತಿದ್ದುದು ಬೇರೆ. ಒಂದು ದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತು ಒಂದು ಮಾತು ಹೇಳಿದ್ದರು. ಅವರು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ. ನಾನು ಏನು ಉತ್ತರ ಕೊಟ್ಟೆ ಎಂಬುದು ಮಾತ್ರ ನೆನಪಿಲ್ಲ. ಅದು ನಿಜವಾದ ಮರೆವೋ, ನೆನಪಿಟ್ಟುಕೊಳ್ಳಲು ನಾಚಿಕೆಯಾಗಿ ಅಳಿಸಿಕೊಂಡದ್ದೋ ಎಂದು ಯೋಚಿಸುತ್ತಾ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಕಾಲೇಜಿನಲ್ಲಿ ಹೆಸರು ಹಿಡಿದು ಕರೆದವರೂ ಇರಲಿಲ್ಲ. ಎಲ್ಲರಿಗೂ ಅವರು ಸುಬೇದಾರ್ರು. ಸೇನೆಯ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾಗಿ ಬಂದವರು. ಅಲ್ಲಿಯೇ ಲಿನಕ್ಸ್ ಕಲಿತು, ಮಡಿಕೇರಿಯ ನಮ್ಮ ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ವಾರವಿಡೀ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಾಳೆಲೆ ಎಂಬ ಊರಿನ ತಮ್ಮ ಮನೆ. ಭುಜದ ಮೇಲೆ ಬಟ್ಟೆಯ ತೇಪೆಯಿದ್ದ ಮಿಲಿಟರಿ ಸ್ವೆಟರ್ ಬೇಸಗೆಯಲ್ಲೂ ಮೈಮೇಲೆ ಇರುತ್ತಿತ್ತು. ಮೀಸೆಗೆ ಪ್ರತ್ಯೇಕವಾಗಿ ಒಂದು ಬಾಚಣಿಗೆ.

ವಿನಯವಂತರೆಂದು ಬರೆದರೆ ಅವರೇ ಎದ್ದುಬಂದು ಆ ಪದವನ್ನು ಹೊಡೆದುಹಾಕುತ್ತಾರೆ. ಜಂಬ ಬಹಳ ಇತ್ತು. ಲೇಹ್‌ನ ಚಳಿಯಲ್ಲಿ ಕೈಗವಸು ಹಾಕಿಕೊಂಡೇ ಟೈಪ್ ಮಾಡಿ ಇಡೀ ಠಾಣೆಯ ಸಂಪರ್ಕ ಉಳಿಸಿದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಒಂದೊಂದು ಸಲಕ್ಕೂ ಚಳಿ ಹೆಚ್ಚುತ್ತಿತ್ತು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಅವರ ಸಹಾಯಕಿಯಾಗಿ ಸೇರಿದ ದಿನ ನನ್ನ ಪ್ರಮಾಣಪತ್ರಗಳನ್ನು ತಿರುವಿಹಾಕಿ ಕೇಳಿದ್ದರು:

"ಇದನ್ನ ಯಾವ ರೆಪಾಸಿಟರಿಯಿಂದ ಇನ್‌ಸ್ಟಾಲ್ ಮಾಡಿದ್ದು ಮೇಡಂ? ಸಿಗ್ನೇಚರ್ ವೆರಿಫೈ ಆಗಿದೆಯಾ, ಇಲ್ಲ ಸುಮ್ನೆ ಯೆಸ್ ಯೆಸ್ ಅಂತ ಒತ್ತಿದ್ದಾ?"

"ಗೋಲ್ಡ್ ಮೆಡಲ್ ಸರ್," ಎಂದೆ. ನನಗೂ ಜಂಬವಿತ್ತು.

"ಚಿನ್ನಕ್ಕೆ ನಮ್ಮ ಸ್ಟೋರ್ ರೂಮಲ್ಲಿ ಬೂಸ್ಟು ಹಿಡೀತದೆ. ನೋಡ್ಕೊಳ್ಳಿ."

ಸ್ಟೋರ್ ರೂಮೆಂದರೆ ಗ್ರಂಥಾಲಯದ ಹಿಂದಿನ ಕೋಣೆ. ಮುರಿದ ಬೆಂಚುಗಳನ್ನು ಹೊರಗೆ ಹಾಕಿ ಸರ್ವರುಗಳನ್ನು ಅಲ್ಲಿ ಕೂರಿಸಿದ್ದರು. ಜೂನ್ ಬಂತೆಂದರೆ ಗೋಡೆ ಬೆವರುತ್ತಿತ್ತು. ನಮ್ಮಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿ ಇಡುವಂತೆ ಅವರು ಆ ರ್‍ಯಾಕಿನ ಹಿಂದೆ ಒಂದು ಹಳೇ ಬಲ್ಬು ಉರಿಸಿ ಇಟ್ಟಿರುತ್ತಿದ್ದರು. ಮಳೆ ಹಿಡಿಯುವ ಮೊದಲು ಮೈಸೂರಿನ ಗೆಳೆಯರೊಬ್ಬರಿಂದ ಒಂದು ಹಾರ್ಡ್ ಡಿಸ್ಕ್ ತುಂಬ ತಂತ್ರಾಂಶದ ಪ್ಯಾಕೇಜುಗಳನ್ನು ತುಂಬಿಸಿ ತರುತ್ತಿದ್ದರು. ಗುಡ್ಡ ಜರಿದು ಕೇಬಲ್ ಕಡಿದುಹೋದರೆ ಇಂಟರ್ನೆಟ್ ದಿನಗಟ್ಟಲೆ ಇರುವುದಿಲ್ಲ. ಆಗ ಏನಾದರೂ ಕೆಟ್ಟರೆ ರಿಪೇರಿಗೆ ಸಾಮಾನು ಕೈಯಲ್ಲಿರಬೇಕು. ಡಿಸ್ಕ್ ಬಂದ ದಿನ ಅದನ್ನು ಬೀರುವಿನಲ್ಲಿಟ್ಟು, "ಒಣಮೀನು ಬಂತು. ಇನ್ನು ಎಷ್ಟು ಬೇಕಾದ್ರೂ ಹೊಯ್ಯಲಿ," ಎನ್ನುತ್ತಿದ್ದರು.

ಓದಿ ತಿರುಗಿ ಓದಿಸುವ ಪದ್ಧತಿ ವೈರ್‌ಲೆಸ್ ದಿನಗಳದ್ದು. ಅವರು ಅದನ್ನು ರೀಡ್ ಬ್ಯಾಕ್ ಎನ್ನುತ್ತಿದ್ದರು. ಸರ್ವರಿನಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲ ರೂಟ್ ಅಧಿಕಾರದಿಂದ ಮಾಡುವ ಯಾವ ಕೆಲಸವನ್ನೂ ಒಬ್ಬರೇ ಮಾಡುವಂತಿಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ತಿರುಗಿ ಓದಬೇಕು. ತಿರುಗಿ ಓದಿದ ಮೇಲೆ ಆ ಆದೇಶ ಇಬ್ಬರದ್ದು. ಶುರುವಿನಲ್ಲಿ ನಾನು ಅವರ ಬಾಯಿಂದ ಬಂದದ್ದನ್ನೇ ಗಿಣಿಯಂತೆ ಒಪ್ಪಿಸಿದಾಗ ರೇಗಿದ್ದರು.

"ನನ್ನ ಬಾಯಿ ನೋಡ್ಬೇಡಿ, ಸ್ಕ್ರೀನ್ ನೋಡಿ. ಅಂದಾಜಿಗೆ ಹೇಳೋದಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿ. ಗೊತ್ತಾಗ್ಲಿಲ್ವಾ, ಗೊತ್ತಾಗ್ಲಿಲ್ಲ ಅನ್ನಿ. ಅದ್ರಲ್ಲಿ ಎಂತ ನಾಚಿಕೆ?"

"ಒಂದು ಪ್ಯಾಕೇಜ್ ತೆಗೆಯೋಕೆ ಇಷ್ಟೊಂದು ಮಂತ್ರ ಬೇಕಾ ಸರ್?"

"ತೆಗೆಯೋಕೇ ಬೇಕಾಗೋದು ಮಾರಾಯ್ರೆ. ಹಾಕೋವಾಗ ಏನು, ಯಾರು ಬೇಕಾದ್ರೂ ಹಾಕ್ತಾರೆ. ತೆಗೆಯೋವಾಗ ಅದನ್ನ ನಂಬ್ಕೊಂಡು ಯಾರ್‍ಯಾರು ಕೂತಿದ್ದಾರೆ ನೋಡ್ಬೇಕು."

ಈ ಕೊನೆಯ ಮಾತನ್ನು ಅವರು ಹೀಗೆಯೇ ಹೇಳಿದರೋ, ವರ್ಷಗಳಲ್ಲಿ ನಾನು ಅದಕ್ಕೆ ಹೊಳಪು ಕೊಟ್ಟೆನೋ ತಿಳಿಯದು. "ಮಾರಾಯ್ರೆ" ಎಂದದ್ದು ಮಾತ್ರ ಖಂಡಿತ.

ಇನ್ನೊಂದು ಪದ್ಧತಿ ಪೂರ್ತಿ ಅವರದೇ. ಜುಲೈ ಮಧ್ಯದಲ್ಲಿ, ಮಳೆ ಬಿಡದೆ ಹೊಯ್ಯುವ ಕೊಡವರ ಕಕ್ಕಡ ತಿಂಗಳು ಶುರುವಾದ ದಿನ ಅವರು ಸರ್ವರಿನ ಮುಖ್ಯ ಪ್ಯಾಕೇಜುಗಳಿಗೆಲ್ಲ ಹೋಲ್ಡ್ ಹಾಕುತ್ತಿದ್ದರು. ಹೋಲ್ಡ್ ಹಾಕಿದ ಪ್ಯಾಕೇಜು ಇದ್ದ ಆವೃತ್ತಿಯಲ್ಲೇ ನಿಲ್ಲುತ್ತದೆ, ಹೊಸದು ಬಂದರೂ ಏರುವುದಿಲ್ಲ. ಮಳೆಯೆಲ್ಲ ಮುಗಿಯುತ್ತಾ ಬಂದು ಕೈಲ್ ಮುಹೂರ್ತದ ಹಬ್ಬ ಆದ ಮಾರನೆಯ ದಿನವೇ ಅದನ್ನು ತೆಗೆಯುವುದು. ಅವರ ಮನೆಯಲ್ಲಿ ನಾಟಿಯ ಕಾಲಕ್ಕೆ ಒಳಗಿಟ್ಟ ಕೋವಿಗಳನ್ನು ಕೈಲ್ ಮುಹೂರ್ತದ ದಿನ ಹೊರಗೆ ತೆಗೆದು, ಹೂವಿಟ್ಟು ಪೂಜೆ ಮಾಡುತ್ತಾರಲ್ಲ, ಅದೇ ಲೆಕ್ಕ. ಆ ದಿನ ಕೋವಿಗೆ ಏರಿಸುವ ಕೆಂಪು ಹಳದಿ ತೋಕ್ ಪೂವನ್ನು ಮಾರನೆಯ ಬೆಳಿಗ್ಗೆ ಊರಿನಿಂದ ಕಾಗದದಲ್ಲಿ ಸುತ್ತಿ ತಂದು ಸರ್ವರಿನ ನೆತ್ತಿಯ ಮೇಲಿಡುತ್ತಿದ್ದರು. ಆಮೇಲೆ ಅಪ್‌ಗ್ರೇಡ್.

ಇದು ಬರೀ ನೇಮವಲ್ಲ. ನಾನು ಸೇರುವ ಮುಂಚೆ ಒಂದು ಜುಲೈನಲ್ಲಿ ಅಪ್‌ಗ್ರೇಡ್ ಅರ್ಧದಲ್ಲಿದ್ದಾಗ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟು, ಅರ್ಧ ಹಳೆಯದು ಅರ್ಧ ಹೊಸದಾಗಿ ಸರ್ವರ್ ಏಳದೆ ಮಲಗಿತ್ತಂತೆ. ಆದರೆ ಕಾರಣ ಹೇಳುವ ಬದಲು ಅವರು "ಕಕ್ಕಡ" ಎಂದಷ್ಟೇ ಹೇಳುತ್ತಿದ್ದರು. ಅದು ಅವರ ಜಂಬದ ಇನ್ನೊಂದು ಬಗೆ.

ಅವರು ನನ್ನ ಮೇಜಿನ ಮುಂದೆ ಬಂದು ನಿಂತ ಆ ವರ್ಷ, ಮಳೆಯ ಶುರುವಿನಲ್ಲೇ ನಾನು ಮನೆಯ ಮುಂದಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲಿನ ಗಂಟು ಮುರಿದುಕೊಂಡಿದ್ದೆ. ಮೊಣಕಾಲಿನವರೆಗೆ ಪ್ಲಾಸ್ಟರ್. ಆಟೋದಲ್ಲಿ ಬಂದು, ಊರುಗೋಲು ಊರಿ ಒಳಗೆ ಹೋಗಿ ಕೂತರೆ, ಊಟಕ್ಕೆ ಯಾರಾದರೂ ಹಿಡಿದು ಎಬ್ಬಿಸಿ ಕರೆದೊಯ್ಯುವುದು ಬಿಟ್ಟರೆ, ಸಂಜೆಯವರೆಗೂ ಕೂತಲ್ಲೇ. ಸುಬೇದಾರ್ರು ಪ್ರಿಂಟರಿನ ಖಾಲಿ ಪೆಟ್ಟಿಗೆಯೊಂದಕ್ಕೆ ಹಳೇ ಕಂಬಳಿ ಸುತ್ತಿ, ನನ್ನ ಕಾಲಿಡಲು ತಂದುಕೊಟ್ಟರು. ದಿನಾ ಬೆಳಿಗ್ಗೆ ಅದನ್ನು ಮೇಜಿನ ಕೆಳಗೆ ಸರಿಯಾದ ಜಾಗಕ್ಕೆ ತಳ್ಳುತ್ತಿದ್ದರು. ಕಕ್ಕಡದ ಮೊದಲ ದಿನ ನಾನು ಹಾಗೆ ಕಾಲು ಚಾಚಿ ಕೂತಿದ್ದಾಗಲೇ ಹೋಲ್ಡ್ ಹಾಕಿದ್ದು. ಅವರು ಓದಿದರು. ನಾನು ತಿರುಗಿ ಓದಿದೆ. "ಅದೇ" ಎಂದರು.

ಅದಾಗಿ ಕೆಲವೇ ದಿನಗಳಿಗೆ, ವೆಬ್ ಸರ್ವರ್ ತಂತ್ರಾಂಶದಲ್ಲಿ ಹೊರಗಿನವರು ನುಗ್ಗಬಹುದಾದ ತೂತೊಂದು ಪತ್ತೆಯಾಗಿದೆ, ಕೂಡಲೇ ಹೊಸ ಆವೃತ್ತಿ ಹಾಕಿಕೊಳ್ಳಿ ಎಂಬ ಎಚ್ಚರಿಕೆ ಬಂತು.

"ಇದೊಂದರ ಹೋಲ್ಡ್ ತೆಗೆಯೋಣ ಸರ್."

"ಒಂದಕ್ಕೆ ಬಾಗಿಲು ತೆಗೆದ್ರೆ ಅದರ ಬಾಲ ಹಿಡ್ಕೊಂಡು ಇಡೀ ಕುಟುಂಬ ಒಳಗೆ ಬರ್ತದೆ. ಮಧ್ಯದಲ್ಲಿ ಕರೆಂಟ್ ಹೋದ್ರೆ?"

"ಬ್ಯಾಟರಿ ಹೊಸದು ಹಾಕಿದ್ದಾರಲ್ಲ. ಹತ್ತು ನಿಮಿಷದ ಕೆಲಸ ಸರ್."

"ಕಕ್ಕಡ ಮೇಡಂ. ಕೈಲ್ ಮುಹೂರ್ತ ಆಗ್ಲಿ."

"ನುಗ್ಗುವವರಿಗೆ ಕಕ್ಕಡ ಗೊತ್ತಿರುತ್ತಾ?"

ಅವರು ಫ್ಲಾಸ್ಕ್ ತೆಗೆದು ಬೆಲ್ಲದ ಕಾಫಿ ಬಗ್ಗಿಸಿಕೊಂಡರು. ನನಗೆ ಕೊಡಲಿಲ್ಲ. ಮಾತು ಮುಗಿಯಿತೆಂದು ಅರ್ಥ.

ನನ್ನ ಮಾತೇ ಸರಿಯಿತ್ತು. ಇಂದಿಗೂ ಅದರಲ್ಲಿ ಅನುಮಾನವಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ, "ನಮ್ಮ ಸರ್ವರ್ರಿಗೂ ಕಕ್ಕಡ ಹಿಡಿದಿದೆ. ಹ್ಯಾಕರ್‌ಗಳಿಗೂ ಮದ್ದುಸೊಪ್ಪಿನ ಪಾಯಸ ಮಾಡಿಸಿ ರಜೆ ಕೊಡಬೇಕು," ಎಂದೆ. ಕಕ್ಕಡದಲ್ಲಿ ಕೊಡಗಿನ ಮನೆಮನೆಯಲ್ಲೂ ಮಾಡುವ ಪಾಯಸ ಅದು. ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ಕೊಡಗಿನ ಅಂಚಿನ ಕುಶಾಲನಗರದ ಕಡೆಯಿಂದ ಬಂದ, ಹಾಸನದ ಮಾತಿನ ಹುಡುಗಿ ಕೊಡಗಿನವರನ್ನು ಕೊಡಗಿನದೇ ಮಾತಲ್ಲಿ ನಗಿಸಿದ್ದೆ.

ಹದಿನೈದು ದಿನ ಕಳೆದಿತ್ತೇನೋ. ಪ್ರವೇಶಾತಿಯ ಹೊತ್ತು. ಒಂದು ಬೆಳಿಗ್ಗೆ ಪೋಷಕರೊಬ್ಬರು ಫೋನ್ ಮಾಡಿ, ನಿಮ್ಮ ಕಾಲೇಜಿನ ವೆಬ್‌ಸೈಟ್ ತೆಗೆದರೆ ಇಸ್ಪೀಟು ಜೂಜಿನ ಜಾಹೀರಾತು ಬರ್ತದಲ್ಲ ಎಂದರು. ಆ ತೂತಿನಿಂದಲೇ ಒಳಗೆ ಬಂದಿದ್ದರು.

ನುಗ್ಗಿದವರು ಏನೇನು ಬಚ್ಚಿಟ್ಟು ಹೋಗಿದ್ದಾರೋ ತಿಳಿಯುವಂತಿರಲಿಲ್ಲ. ಹಾಗಾಗಿ ಸರ್ವರನ್ನು ಪೂರ್ತಿ ಅಳಿಸಿ, ಬುಡದಿಂದ ಮತ್ತೆ ಕಟ್ಟಿದೆವು. ಇಂಟರ್ನೆಟ್ ಹೋಗಿ ಬಂದು ಮಾಡುತ್ತಿತ್ತು. ಹೆಚ್ಚಿನದೆಲ್ಲ ಆ ಒಣಮೀನಿನ ಡಿಸ್ಕಿನಿಂದಲೇ ಹಾಕಿದ್ದು. ಹೊಸ ಆವೃತ್ತಿಯೊಂದನ್ನು ಮಾತ್ರ ಲೈನ್ ಬಂದಾಗ ಇಳಿಸಿಕೊಂಡೆವು. ಅವರು ಒಂದೊಂದು ಆದೇಶವನ್ನೂ ಎಂದಿನಂತೆ ಓದಿದರು. ದನಿ ಎಷ್ಟು ತಗ್ಗಿತ್ತೆಂದರೆ ಮಳೆಯ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. "ಕೇಳಿಸ್ಲಿಲ್ಲ ಸರ್," ಎಂದರೆ ಬೇಸರಿಸದೆ ಇನ್ನೊಮ್ಮೆ ಓದುತ್ತಿದ್ದರು. ಲೇಹ್‌ನ ಕಥೆ ಒಮ್ಮೆಯೂ ಬರಲಿಲ್ಲ.

ಎಲ್ಲ ಸರಿಹೋದ ಮೇಲೆ ಪ್ರಾಂಶುಪಾಲರು ಸಭೆ ಕರೆದರು. ಸುಬೇದಾರ್ರು ಎದ್ದು ನಿಂತು ನಡೆದದ್ದನ್ನು ಹೇಳಲು ಶುರುಮಾಡುವಷ್ಟರಲ್ಲಿ ಪ್ರಾಂಶುಪಾಲರು, "ಅಲ್ಲ ಸುಬೇದಾರ್ರೇ, ಹ್ಯಾಕರ್‌ಗೆ ಕಕ್ಕಡದ ರಜೆ ಕೊಡೋದು ಮರೆತುಬಿಟ್ರಾ? ಪಾಯಸ ಮಾಡಿಸ್ಬೇಕಿತ್ತು!" ಎಂದರು.

ಸಭೆ ಗೊಳ್ಳೆಂದಿತು. ನನ್ನ ಜೋಕು. ಒಂದು ಅಕ್ಷರ ಹೆಚ್ಚು ಕಡಿಮೆ, ನನ್ನದೇ. ಅದು ಯಾರಿಂದ ಹುಟ್ಟಿದ್ದೆಂದು ಅವರಿಗೆ ಗೊತ್ತಾಯಿತೆ? ಅವರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ಗೊತ್ತಾಗಿತ್ತೆಂದು ನನಗೆ ಆಗ ಅನಿಸಿತು. ಈಗ ಅನಿಸುವುದು, ನಗು ನಿಲ್ಲುವವರೆಗೂ ಅವರು ಯಾರ ಕಡೆಯೂ ನೋಡಲಿಲ್ಲ ಎಂದು. ನಾನು ನಕ್ಕೆನೆ? ಬಾಯಿ ಬಿಟ್ಟು ನಕ್ಕಿರಲಾರೆ. ತುಟಿಯ ಬಗ್ಗೆ ಹೇಳಲಾರೆ.

ಮಾರನೆಯ ದಿನ ಅವರು ಒಂದು ಕೆಲಸ ಮಾಡಿದರು. ಇಸ್ತ್ರಿ ಮಾಡಿದ ಶರಟು ಹಾಕಿ, ಮೀಸೆ ಬಾಚಿ, ಕಾಲೇಜಿನ ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರ ಬಳಿಗೂ ಹೋದರು. ವಿಭಾಗದಿಂದ ವಿಭಾಗಕ್ಕೆ, ಕಚೇರಿಗೆ, ಗ್ರಂಥಾಲಯಕ್ಕೆ. ಮೇಜಿನ ಮುಂದೆ ನೆಟ್ಟಗೆ ನಿಂತು, "ಸರ್ವರ್ ನನ್ನ ತಪ್ಪಿನಿಂದ ಕೆಟ್ಟಿತ್ತು. ನಿಮ್ಮ ಕೆಲಸಕ್ಕೆ ತೊಂದರೆಯಾಯ್ತು. ಈಗ ಸರಿಯಾಗಿದೆ," ಎಂದು ವರದಿ ಒಪ್ಪಿಸಿದರು. ಜನ ಮುಜುಗರದಿಂದ ಸಾಯುವಂತಾದರು. "ಅಯ್ಯೋ ಬಿಡಿ ಸುಬೇದಾರ್ರೇ, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದವರೇ ಎಲ್ಲ. ಅವರು ಕೂರಲಿಲ್ಲ.

ಕೊನೆಗೆ ನನ್ನ ಮೇಜಿಗೆ ಬಂದರು. ಅದು ಅವರ ಮೇಜಿನಿಂದ ಕೈ ಚಾಚುವಷ್ಟು ದೂರ. ಆದರೂ ಹೊರಗಿನಿಂದ ಬಂದವರಂತೆ ಬಾಗಿಲಿನಿಂದ ನಡೆದು ಬಂದು ನಿಂತರು.

"ಮೇಡಂ, ನಿಮ್ಮ ಮಾತು ಸರಿಯಿತ್ತು. ನಾನು ಕೇಳಲಿಲ್ಲ."

ನಾನು ಏನೋ ಹೇಳಿದೆ. "ಪರವಾಗಿಲ್ಲ ಸರ್," ಎಂದಿರಬಹುದು. ಎಷ್ಟೋ ವರ್ಷ ಹಾಗೇ ನಂಬಿದ್ದೆ. ಆದರೆ ಆ ವಯಸ್ಸಿನ ನನ್ನನ್ನು ನಾನು ಬಲ್ಲೆ. "ನಾನು ಮೊದಲೇ ಹೇಳಿದ್ದೆನಲ್ಲ ಸರ್," ಎಂದಿರುವ ಸಾಧ್ಯತೆಯೇ ಹೆಚ್ಚು. ಆ ದಿನದ ಡೈರಿ ತೆಗೆದು ನೋಡಿದೆ. ಮಳೆ ಜೋರು, ಪ್ಲಾಸ್ಟರ್ ಒಳಗೆ ತುರಿಕೆ, ಆಟೋ ಸಿಗಲಿಲ್ಲ ಎಂದಿದೆ. ಅಷ್ಟೆ. ಒಬ್ಬ ಹಿರಿಯರು ಎದುರು ನಿಂತು ತಪ್ಪೊಪ್ಪಿಕೊಂಡ ದಿನ ನನಗೆ ಬರೆಯಲು ಸಿಕ್ಕಿದ್ದು ತುರಿಕೆ.

ಕೈಲ್ ಮುಹೂರ್ತ ಬಂತು, ಹೋಲ್ಡ್ ತೆಗೆದೆವು. ಆ ಸಲ ಹೂ ತಂದಿದ್ದರೋ ಇಲ್ಲವೋ ಹೇಳಲಾರೆ. ವರ್ಷದ ಕೊನೆಗೆ ಅವರ ಒಪ್ಪಂದ ಮುಗಿಯಿತು, ಕಾಲೇಜು ಮುಂದುವರಿಸಲಿಲ್ಲ. ಅವರ ಕುರ್ಚಿಗೆ ನಾನು ಬಂದೆ. ಕಂಬಳಿ ಸುತ್ತಿದ ಪೆಟ್ಟಿಗೆ ಬಹಳ ದಿನ ಮೇಜಿನ ಕೆಳಗೇ ಇತ್ತು. ಈಗ ಭದ್ರತೆಯ ಅಪ್‌ಡೇಟುಗಳು ಕಕ್ಕಡವಿರಲಿ ಏನೇ ಇರಲಿ ತಾವಾಗಿಯೇ ಬಂದು ಕೂರುತ್ತವೆ. ಹಾಗೆ ಮಾಡಿದವಳು ನಾನೇ, ಅದು ಸರಿಯೂ ಹೌದು. ಬಾಳೆಲೆಗೆ ಒಮ್ಮೆ ಹೋಗಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ.

ಹೋದದ್ದು ಅವರ ತಿಥಿಗೆ, ಕೊಡವರು ಮಾದ ಎನ್ನುವ ಆ ದಿನಕ್ಕೆ. ಗೋಣಿಕೊಪ್ಪದಲ್ಲಿ ಬಸ್ ಬದಲಿಸಿ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಶಾಮಿಯಾನ, ಒಳಗೆ ದೀಪದ ಹಿಂದೆ ಸಮವಸ್ತ್ರದ ಪಟ. ಮೀಸೆ ಅದರಲ್ಲೂ ಬಾಚಿತ್ತು. ಬಿಳಿ ಸೀರೆ ಉಟ್ಟು ಪಟದ ಬಳಿ ಕೂತಿದ್ದ ಅವರ ಹೆಂಡತಿಯನ್ನು ನಾನು ಹಿಂದೆ ನೋಡಿರಲಿಲ್ಲ. ಹೆಸರು ಹೇಳಿ, ಕಾಲೇಜಿನವಳು ಎನ್ನುತ್ತಿದ್ದಂತೆ ಅವರು ನನ್ನ ಕೈ ಹಿಡಿದುಕೊಂಡರು.

"ಕಾಲು ಸರಿಯಾಯ್ತಾ?" ಎಂದರು.

ಅಷ್ಟು ವರ್ಷಗಳ ಮೇಲೆ ವಿಚಾರಿಸಿದ ಆ ಕಾಲನ್ನು ನಾನೇ ಒಮ್ಮೆ ಬಗ್ಗಿ ನೋಡಿಕೊಂಡೆ. "ಆಗಲೇ ಸರಿಯಾಯ್ತು ಆಂಟಿ."

"ಕೂತ್ಕೊಳ್ಳಿ. ಅವರು ನಿಮ್ಮ ಸುದ್ದಿ ಹೇಳದ ದಿನ ಇಲ್ಲ. ನಂಗೆ ಕಂಪ್ಯೂಟರ್ ಎಲ್ಲ ಗೊತ್ತಿಲ್ಲ, ಆದ್ರೆ ಆ ಮಾತೊಂದು ಬಾಯಿಪಾಠ ಆಗಿದೆ. ಇಡೀ ಕಾಲೇಜಿಗೆ ತಪ್ಪಾಯ್ತು ಅಂತ ಹೇಳ್ಕೊಂಡು ಬಂದ್ರಂತಲ್ಲ, ಎಲ್ಲರೂ ಕೂತಲ್ಲಿಂದಾನೇ ಬಿಡಿ ಬಿಡಿ ಅಂದ್ರಂತೆ. ನೀವೊಬ್ರೇ ಆ ಕಾಲಲ್ಲಿ ಎದ್ದು ನಿಂತ್ರಂತೆ. ಎದ್ದು ನಿಂತು, 'ಹೋಲ್ಡ್ ನಾನೂ ರೀಡ್ ಬ್ಯಾಕ್ ಮಾಡಿದ್ದೆ ಸರ್. ತಪ್ಪು ನಿಮ್ಮೊಬ್ಬರದ್ದಲ್ಲ' ಅಂದ್ರಂತೆ. ಹೌದಲ್ವಾ?"

ನಾನು ಎದ್ದಿರಲಿಲ್ಲ. ನನ್ನ ನೆನಪನ್ನು ನಾನು ಯಾವುದಕ್ಕೂ ನಂಬುವುದಿಲ್ಲ, ಇದೊಂದಕ್ಕೆ ನಂಬುತ್ತೇನೆ. ಊರುಗೋಲು ಬಾಗಿಲ ಪಕ್ಕದ ಗೋಡೆಗೆ ಒರಗಿತ್ತು, ಕಾಲು ಅವರೇ ಕಂಬಳಿ ಸುತ್ತಿಕೊಟ್ಟ ಪೆಟ್ಟಿಗೆಯ ಮೇಲಿತ್ತು. ಯಾರಾದರೂ ಹಿಡಿದು ಎಬ್ಬಿಸದೆ ನಾನು ಏಳುವಂತೆಯೇ ಇರಲಿಲ್ಲ. ಆ ಮಾತನ್ನೂ ಆಡಿರಲಿಲ್ಲ. ಆಡುವುದಕ್ಕೆ ಅದು ನನಗೆ ಹೊಳೆದಿರಬೇಕಿತ್ತಲ್ಲ. ಹೋಲ್ಡ್ ಹಾಕುವಾಗ ನಾನೂ ತಿರುಗಿ ಓದಿದ್ದೆ, ಅವರ ಲೆಕ್ಕದಲ್ಲಿ ಆ ಆದೇಶ ಇಬ್ಬರದ್ದು ಎಂಬುದು ಆ ಪಟದ ಮುಂದೆ ಕೂತಾಗಲೇ ನನಗೆ ಮೊದಲ ಸಲ ಹೊಳೆದದ್ದು. ಅವರಿಗೆ ಅಂದೇ ಗೊತ್ತಿತ್ತು. ಸಭೆಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ನನ್ನನ್ನು ಅಷ್ಟು ಗದರಿದವರು, ಮನೆಗೆ ಬಂದು ಹೆಂಡತಿಯ ಮುಂದೆ ನನ್ನದನ್ನು ಮಾತ್ರ ಇಲ್ಲದ ಹಾಗೆ ಹೇಳಿದ್ದರು. ನಾನು ಹೇಳಬೇಕಿದ್ದುದನ್ನು ನನ್ನ ಬಾಯಲ್ಲಿಟ್ಟಿದ್ದರು.

ಅವರ ಹೆಂಡತಿ ಕಾಯುತ್ತಿದ್ದರು. ಇಲ್ಲ ಎಂದರೆ ಆ ದಿನ, ಆ ಮನೆಯಲ್ಲಿ, ಅವರನ್ನು ಸುಳ್ಳು ಹೇಳಿದವರನ್ನಾಗಿ ಮಾಡಬೇಕು. ಹೌದು ಎಂದರೆ ನನ್ನದಲ್ಲದ್ದನ್ನು ತೆಗೆದುಕೊಂಡು ಬರಬೇಕು.

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತೆ. ಪಟದ ಕಡೆ ನೋಡಲು ಧೈರ್ಯವಾಗಲಿಲ್ಲ, ದೀಪದ ಕಡೆ ನೋಡಿದೆ.

"ಹೋಲ್ಡ್ ನಾನೂ ರೀಡ್ ಬ್ಯಾಕ್ ಮಾಡಿದ್ದೆ ಸರ್," ಎಂದೆ. "ತಪ್ಪು ನಿಮ್ಮೊಬ್ಬರದ್ದಲ್ಲ."

ಅವರ ಹೆಂಡತಿ ತಲೆಯಾಡಿಸಿದರು. ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದವರಿಗೂ ಕೇಳುವಂತೆ ಹೇಳಿದರು.

"ಅದೇ."